ಮೂಲೆಮನೆಯ ಮುಯ್ಯಾಳು

ಕೊಬ್ಬರಿ ಒಡೆಯುವ ಅಂಗಳದಲ್ಲಿ ಯಾರೂ ಯಾರ ಮುಖವನ್ನೂ ನೋಡಿಕೊಂಡು ಮಾತನಾಡುವುದಿಲ್ಲ. ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ಮಚ್ಚು. ಕಣ್ಣು ಇವೆರಡರ ನಡುವೆ ಇರಬೇಕು. ಅದು ಆಚೀಚೆ ಹೋದರೆ ಬೆರಳು ಹೋಗುತ್ತದೆ, ಇಲ್ಲವೇ ಇಡಿಯಾಗಿ ಬರಬೇಕಾದ ಕೊಬ್ಬರಿಯ ಉಂಡೆ ಹೋಳಾಗುತ್ತದೆ. ಆದ್ದರಿಂದ ಅಲ್ಲಿ ಆಡುವ ಮಾತೆಲ್ಲ ಕೈಯಲ್ಲಿರುವ ಕಾಯಿಗೇ ಹೇಳಿದಂತೆ ಇರುತ್ತದೆ. ಆದರೂ ಕೇಳಬೇಕಾದವರಿಗೆ ಅದು ಕೇಳಿಸಿರುತ್ತದೆ. ನನ್ನ ಬಾಲ್ಯದ ರಜಾದಿನಗಳು ಕಳೆದದ್ದು ಅಂಥ ಅಂಗಳದ ಅಂಚಿನಲ್ಲಿ, ಚಿಪ್ಪಿನ ರಾಶಿಯ ಪಕ್ಕದಲ್ಲಿ. ಅಮ್ಮನ ಸೆರಗಿಗೆ ಅಂಟಿದ್ದ ಅಟ್ಟದ ಹೊಗೆಯ ವಾಸನೆಯೂ ಒಣಗಿದ ಕೊಬ್ಬರಿಯ ಸಿಹಿ ವಾಸನೆಯೂ ಈಗಲೂ ತಿಪಟೂರಿನ ಮಂಡಿಗಳ ಬೀದಿಯಲ್ಲಿ ಬಸ್ಸು ನಿಧಾನವಾದಾಗ ಒಮ್ಮೆ ಮೂಗಿಗೆ ಬಡಿದು ಹೋಗುತ್ತವೆ. ಆ ಅಂಗಳಕ್ಕೆ ಮತ್ತೊಮ್ಮೆ, ಅದೂ ಉದ್ಯೋಗದ ನಿಮಿತ್ತ, ಮರಳುತ್ತೇನೆಂದು ನಾನು ಎಣಿಸಿರಲಿಲ್ಲ.

ನಾನು ಕನ್ನಡ ಕಲಿಸುತ್ತಿದ್ದ ಪ್ರೌಢಶಾಲೆ ಮಕ್ಕಳಿಲ್ಲದೆ ಮುಚ್ಚಿದ ಮೇಲೆ, ತುರುವೇಕೆರೆಯ ಒಂದು ಸಣ್ಣ ಸಂಸ್ಥೆಯಲ್ಲಿ ತರಬೇತಿ ಪಡೆದು ಆಪ್ತ ಸಮಾಲೋಚಕಿಯಾಗಿ ಸೇರಿದ್ದೆ. ಹಳ್ಳಿಗಳಿಗೆ ಹೋಗುವುದು, ಮನಸ್ಸು ಕುಗ್ಗಿದವರನ್ನು ಗುರುತಿಸುವುದು, ಅಗತ್ಯವಿದ್ದವರನ್ನು ವೈದ್ಯರಲ್ಲಿಗೆ ಕಳುಹಿಸುವುದು, ಉಳಿದವರೊಡನೆ ಕುಳಿತು ಮಾತನಾಡುವುದು, ಇಷ್ಟು ನನ್ನ ಕೆಲಸ. ಮೂಲೆಮನೆಯಾಕೆಯ ವಿಷಯವನ್ನು ನನಗೆ ತಿಳಿಸಿದವರು ದಬ್ಬೇಘಟ್ಟದ ಕಡೆಯ ಆ ಊರಿನ ಆಶಾ ಕಾರ್ಯಕರ್ತೆ. "ಮೇಡಮ್ನೋರೆ, ನಮ್ಮೂರಲ್ಲಿ ಒಬ್ರು ಹೊಸ್ಲು ದಾಟದೆ ಬಿಟ್ಬುಟ್ಟವ್ರೆ. ಜ್ವರ ಅಲ್ಲ, ಮೈಕೈ ನೋವಲ್ಲ. ನಂಗೇನು ಬರ್ಕಳ್ಳದು ಅಂತ್ಲೇ ಗೊತ್ತಾಯ್ತಿಲ್ಲ" ಎಂದಿದ್ದರು.

ಮೂಲೆಮನೆಯಾಕೆ ನನ್ನ ಓರಗೆಯವರು. ಮದುವೆಯಾಗಿ ಆ ಊರಿಗೆ ಬಂದ ಕಾಲದಿಂದ ಆಕೆಯೂ ಆಕೆಯ ಓರಗಿತ್ತಿಯೂ ಊರಿನ ಎಲ್ಲ ಶುಭಕಾರ್ಯಗಳಲ್ಲಿ ಜೋಡಿಯಾಗಿ ಸೋಬಾನೆ ಹಾಡುತ್ತಿದ್ದರು. ಆಕೆ ಒಂದು ಸೊಲ್ಲು ಹೇಳಿ ನಿಲ್ಲಿಸಿದರೆ ಮುಂದಿನ ಸೊಲ್ಲನ್ನು ಓರಗಿತ್ತಿ ಎತ್ತಿಕೊಳ್ಳುವುದು ಅವರ ಕ್ರಮ. ಶಾಸ್ತ್ರದ ನೀರು ಹಾಕುವವರು ಈ ಜೋಡಿ ಬರುವವರೆಗೆ ಕೊಡ ಎತ್ತುತ್ತಿರಲಿಲ್ಲವಂತೆ. ಹಿಂದಿನ ವರ್ಷ ಓರಗಿತ್ತಿ ತೀರಿಕೊಂಡರು. ಅದಾದ ಮೇಲೆ ನೆರೆಮನೆಯ ಮದುವೆಯಲ್ಲಿ ಮೊದಲ ಬಾರಿಗೆ ಆಕೆ ಒಬ್ಬರೇ ಹಾಡಲು ನಿಂತರು. ಒಂದು ಸೊಲ್ಲು ಹೇಳಿ ರೂಢಿಯಂತೆ ನಿಲ್ಲಿಸಿ ಪಕ್ಕಕ್ಕೆ ತಿರುಗಿದರು. ಪಕ್ಕದಲ್ಲಿ ಯಾರೂ ಇರಲಿಲ್ಲ. ಬಾಯಿ ಅರೆತೆರೆದಂತೆಯೇ ಉಳಿಯಿತು.

ಎದುರುಮನೆಯ ಹೊಸ ಸೊಸೆ ಆ ಹೊತ್ತಿನಲ್ಲಿ ಫೋನು ಹಿಡಿದಿದ್ದಳು. ಹಾಡು ನಿಂತ ಜಾಗಕ್ಕೆ ಕತ್ತರಿಸಿ, ಗಾಡಿ ಗೊರಗೊರನೆ ಕೆಟ್ಟು ನಿಲ್ಲುವ ಸದ್ದನ್ನು ಸೇರಿಸಿ, ರೀಲ್ ಮಾಡಿ ಹಾಕಿದಳು. ಅವಳಿಗೆ ಓರಗಿತ್ತಿಯ ವಿಷಯ ಗೊತ್ತಿರಲಿಲ್ಲ. ಆಕೆಯ ಸಾವು ಇವಳು ಆ ಊರಿಗೆ ಬರುವುದಕ್ಕೆ ಮೊದಲಿನ ಮಾತು. ರೀಲ್ ತಾಲ್ಲೂಕನ್ನು ದಾಟಿತು. ಹಾಲಿನ ಡೇರಿಯ ಮುಂದೆ ಹುಡುಗರು ಆ ಸದ್ದನ್ನು ಬಾಯಲ್ಲೇ ಮಾಡತೊಡಗಿದರು. ಮೂಲೆಮನೆಯಾಕೆ ಮೊದಲು ಹಾಡುವುದನ್ನು ಬಿಟ್ಟರು, ಆಮೇಲೆ ಡೇರಿಗೆ ಹೋಗುವುದನ್ನು, ಆಮೇಲೆ ಹೊಸ್ತಿಲನ್ನು ದಾಟುವುದನ್ನು.

ನಾನು ತರಬೇತಿಯಲ್ಲಿ ಕಲಿತಂತೆ ಕ್ರಮಬದ್ಧವಾಗಿಯೇ ತೊಡಗಿದೆ. ಮೊದಲ ಭೇಟಿಯಲ್ಲಿ ನಿದ್ರೆ, ಹಸಿವು, ಆಸಕ್ತಿಗಳ ಬಗ್ಗೆ ಕೇಳಿದೆ. ಬದುಕು ಬೇಡವೆನಿಸುತ್ತದೆಯೇ ಎಂಬ ಪ್ರಶ್ನೆಯನ್ನೂ ಸುತ್ತಿ ಬಳಸದೆ ನೇರವಾಗಿ ಕೇಳಿದೆ. ಅದನ್ನು ಹಾಗೆಯೇ ಕೇಳಬೇಕು. "ಸಾಯೋ ಅಂತದ್ದೇನಾಗೈತೆ" ಎಂದರು. ಆ ಉತ್ತರದಲ್ಲಿ ನನಗೆ ನಿಶ್ಚಿಂತೆ ದೊರೆಯಲಿಲ್ಲ. ಅವರ ಯಜಮಾನರನ್ನು ಒಪ್ಪಿಸಿ, ವಾರಕ್ಕೊಮ್ಮೆ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರಲ್ಲಿಗೆ ಆಟೋದಲ್ಲಿ ಪರದೆ ಇಳಿಬಿಟ್ಟುಕೊಂಡು ಕರೆದೊಯ್ದೆವು. ವೈದ್ಯರು ಸಾವಧಾನದಿಂದ ಕೇಳಿ ಮಾತ್ರೆ ಬರೆದರು. ಕೆಲವು ವಾರಗಳಲ್ಲಿ ನಿದ್ರೆ ಮರಳಿತು, ಮುದ್ದೆ ಮುರಿಯತೊಡಗಿದರು. ಆದರೆ ಆಸ್ಪತ್ರೆಗೆ ಬಿಟ್ಟು ಬೇರೆಲ್ಲಿಗೂ ಹೊಸ್ತಿಲು ದಾಟಲಿಲ್ಲ.

ನಾನು ಹೋದಾಗಲೆಲ್ಲ ಚಾಪೆ ಹಾಸಿ ಎದುರುಬದುರಾಗಿ ಕೂರುತ್ತಿದ್ದೆವು. ನಾನು ಕೇಳುತ್ತಿದ್ದೆ, ಅವರು "ಚೆನ್ನಾಗಿದ್ದೀನಿ ಕಣ್ರೀ" ಎನ್ನುತ್ತಿದ್ದರು. ಒಂದು ದಿನ ಮಾತ್ರ ತಾವಾಗಿಯೇ ತಲೆದಿಂಬಿನ ಕೆಳಗಿನಿಂದ ಫೋನು ತೆಗೆದು ತೋರಿಸಿದರು. ಬೆಳಗ್ಗೆ ಎದ್ದೊಡನೆ ಅವರು ಮಾಡುತ್ತಿದ್ದ ಮೊದಲ ಕೆಲಸ ಆ ರೀಲಿನ ಕೆಳಗೆ ಹೊಸದಾಗಿ ಯಾರು ಏನು ಬರೆದಿದ್ದಾರೆಂದು ನೋಡುವುದಾಗಿತ್ತು. "ಇವತ್ತು ಯಾರೋ ಹೊಸಬ್ರು ನಗಾಡವ್ರೆ. ಇವ್ರು ಯಾವೂರೋ ಏನೋ. ನನ್ನ ಕಂಡೇ ಇಲ್ಲ" ಎಂದರು. ಫೋನಿನಿಂದ ಅದನ್ನು ತೆಗೆದುಬಿಡೋಣವೇ ಎಂದಾಗ ಅವರು ಬೇಡವೆಂದು ತಲೆಯಾಡಿಸಿದರು. ತಾನು ನೋಡದಿದ್ದರೂ ಅವರು ನಗುತ್ತಲೇ ಇರುತ್ತಾರಲ್ಲ, ಗೊತ್ತಿಲ್ಲದೆ ಇರುವುದಕ್ಕಿಂತ ಗೊತ್ತಿರುವುದೇ ವಾಸಿ ಎಂಬುದು ಅವರ ವಾದ. ಆ ವಾದಕ್ಕೆ ನನ್ನ ತರಬೇತಿಯಲ್ಲಿ ಉತ್ತರವಿತ್ತು, ಹೇಳಿದೆ. ಅವರು ವಿನಯದಿಂದ ಕೇಳಿಸಿಕೊಂಡು ಫೋನನ್ನು ಮತ್ತೆ ದಿಂಬಿನ ಕೆಳಗಿಟ್ಟರು.

ಮುಂದಿನ ಹೆಜ್ಜೆ ರೀಲ್ ಹಾಕಿದವಳನ್ನು ಕಾಣುವುದು. ಎದುರುಮನೆಯ ಸೊಸೆಗೆ ವಿಷಯ ತಿಳಿಸಿದಾಗ ಅವಳ ಮುಖ ಬಿಳಿಚಿಹೋಯಿತು. ಅಲ್ಲಿಯೇ, ನನ್ನೆದುರೇ ರೀಲನ್ನು ಅಳಿಸಿದಳು. ಆದರೆ ಅದರ ನಕಲುಗಳು ಬೇರೆ ಬೇರೆ ಖಾತೆಗಳಲ್ಲಿ ಓಡಾಡುತ್ತಿದ್ದವು. ಆ ಸೊಸೆಯೊಡನೆ ಕುಳಿತು ಸಿಕ್ಕ ಸಿಕ್ಕ ನಕಲುಗಳ ಬಗ್ಗೆ ದೂರು ದಾಖಲಿಸಿದೆ. ಜೊತೆಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಹಾಕಲು ಒಂದು ಕ್ಷಮಾಪಣೆಯನ್ನು ನಾನೇ ಬರೆದುಕೊಟ್ಟೆ. ಅಲ್ಪವಿರಾಮ, ಪೂರ್ಣವಿರಾಮಗಳೆಲ್ಲ ಇರಬೇಕಾದಲ್ಲಿ ಇದ್ದವು. ಕರ್ತೃ, ಕರ್ಮ, ಕ್ರಿಯಾಪದಗಳಲ್ಲಿ ಒಂದಕ್ಕೊಂದು ಜಗಳವಿರಲಿಲ್ಲ. ಓದಿದವರೆಲ್ಲ ಮೆಚ್ಚಿದರು, ಮೆಚ್ಚಿ ಮುಂದಕ್ಕೆ ಕಳುಹಿಸಿದರು. ಸಂಜೆಯ ಹೊತ್ತಿಗೆ, ಅದುವರೆಗೆ ರೀಲನ್ನು ನೋಡದಿದ್ದ ಸುತ್ತಲಿನ ಊರುಗಳವರು "ಯಾವ ವಿಡಿಯೋ? ಹಾಕ್ರಪ್ಪಾ" ಎಂದು ಕೇಳತೊಡಗಿದ್ದರು. ಯಾರೋ ಹಾಕಿಯೂ ಹಾಕಿದರು. ನನ್ನ ವಾಕ್ಯಗಳ ಬೆನ್ನೇರಿ ರೀಲ್, ಅದುವರೆಗೆ ತಲುಪದಿದ್ದ ಮನೆಗಳಿಗೂ ತಲುಪಿತು.

ಅದರ ಮರುದಿನ ಗುಂಪಿನ ಹೆಂಗಸರೆಲ್ಲ ಮೂಲೆಮನೆಯಾಕೆಯ ಫೋನಿಗೆ ಗುಲಾಬಿ ಹೂವು, ಕೈಮುಗಿದ ಚಿತ್ರ, "ಧೈರ್ಯವಾಗಿರು ಅಕ್ಕ" ಎಂಬ ಸಾಲುಗಳನ್ನು ಕಳುಹಿಸಿದರು. ಒಳ್ಳೆಯ ಮನಸ್ಸಿನಿಂದಲೇ ಕಳುಹಿಸಿದರು. ಆಕೆ ಅದನ್ನೂ ತೋರಿಸಿದರು. "ಇವ್ರೆಲ್ಲಾ ನಮ್ಮನೆಯಿಂದ ಕೂಗಿದ್ರೆ ಕೇಳ್ಸೋ ಅಷ್ಟು ದೂರದಾಗವ್ರೆ" ಎಂದಷ್ಟೇ ಹೇಳಿದರು.

ಈ ನಡುವೆ ಸುಗ್ಗಿ ಮುಗಿದು ಊರಿನಲ್ಲಿ ಕೊಬ್ಬರಿಯ ಕೆಲಸ ಆರಂಭವಾಯಿತು. ಬೇರೆ ಕಡೆಯವರಿಗಾಗಿ ಸ್ವಲ್ಪ ವಿವರಿಸಬೇಕು. ನಮ್ಮ ಸೀಮೆಯಲ್ಲಿ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎಂಬ ಸದ್ದು ಬರಬೇಕು. ಆಗ ಇಳಿಸಿ, ಸಿಪ್ಪೆ ಸುಲಿದು, ಮಚ್ಚಿನ ಹಿಂಬದಿಯಿಂದ ಸುತ್ತಲೂ ತಟ್ಟುತ್ತ ಚಿಪ್ಪನ್ನು ಬಿಡಿಸಿ, ಉಂಡೆಯನ್ನು ಇಡಿಯಾಗಿ ಹೊರತೆಗೆಯಬೇಕು. ಇಂದು ದೊಡ್ಡ ತೋಟದವರು ಗುತ್ತಿಗೆಯ ಆಳುಗಳನ್ನು ಕರೆಸುತ್ತಾರೆ. ಆ ಊರಿನ ಸಣ್ಣ ಹಿಡುವಳಿದಾರರಲ್ಲಿ ಮಾತ್ರ ಮುಯ್ಯಾಳು ಇನ್ನೂ ಉಳಿದಿದೆ. ಇಂದು ನಿಮ್ಮ ಅಂಗಳದಲ್ಲಿ ನಾನು ಒಂದು ದಿನ ದುಡಿದರೆ, ನನ್ನ ಅಂಗಳದಲ್ಲಿ ನೀವು ಒಂದು ದಿನ ದುಡಿಯಬೇಕು. ಕೂಲಿಯಿಲ್ಲ, ಬರಹವಿಲ್ಲ, ಎಲ್ಲರಿಗೂ ಎಲ್ಲವೂ ನೆನಪಿರುತ್ತದೆ.

ಒಂದು ಬೆಳಗ್ಗೆ ನಾನು ಮೂಲೆಮನೆಯ ಚಾಪೆಯ ಮೇಲೆ ಕುಳಿತಿದ್ದಾಗ, ಹೆಂಗಸರ ಗುಂಪೊಂದು ಮಚ್ಚುಗಳನ್ನು ಹಿಡಿದು ಬೀದಿಯಲ್ಲಿ ಹಾದುಹೋಯಿತು. ಆ ಮನೆಯ ಮುಂದೆ ಬಂದಾಗ ಅವರ ಮಾತು ತಗ್ಗಿತು. ಯಾರೂ ಒಳಗೆ ಇಣುಕಲಿಲ್ಲ, ಯಾರೂ ಕೂಗಲಿಲ್ಲ. ಅವರ ಹೆಜ್ಜೆಯ ಸದ್ದು ತಿರುವು ದಾಟುವವರೆಗೂ ಮೂಲೆಮನೆಯಾಕೆ ಕಿಟಕಿಯ ಕಡೆಗೇ ಕಿವಿಗೊಟ್ಟಿದ್ದರು. ಆಮೇಲೆ ಏನೂ ಆಗದವರಂತೆ ನನ್ನ ಪ್ರಶ್ನೆಗೆ ಉತ್ತರಿಸಿದರು. ನಾನು ಹೊರಡುವಾಗ ಬಾಗಿಲ ಸಂದಿಯಲ್ಲಿ ಅವರ ಮಚ್ಚನ್ನು ಕಂಡೆ. ಅದನ್ನು ಹೊಸದಾಗಿ ಸಾಣೆ ಹಿಡಿದು ಎಣ್ಣೆ ಒರೆಸಿ, ಹಿಡಿಗೆ ಬಟ್ಟೆ ಸುತ್ತಿ ಇಡಲಾಗಿತ್ತು.

ಆಶಾ ಕಾರ್ಯಕರ್ತೆಯನ್ನು ವಿಚಾರಿಸಿದೆ. ಹಿಂದಿನ ವರ್ಷ, ಓರಗಿತ್ತಿ ತೀರಿಕೊಂಡ ಹೊಸತರಲ್ಲಿ, ಊರಿನ ಹೆಂಗಸರೆಲ್ಲ ಮೂಲೆಮನೆಯ ಅಂಗಳದಲ್ಲಿ ಕೊಬ್ಬರಿ ಒಡೆದುಕೊಟ್ಟಿದ್ದರು. ಅದರಂತೆ ಮೂಲೆಮನೆಯಾಕೆ ಈ ಬಾರಿ ಪ್ರತಿಯೊಂದು ಮನೆಗೂ ಹೋಗಬೇಕಿತ್ತು. ಆದರೆ ಮುಯ್ಯಾಳುಗಳಲ್ಲಿ ಹಿರಿಯರಾದ ಹಟ್ಟಿಮನೆಯ ಅಜ್ಜಿ "ಪಾಪ, ಅವ್ಳನ್ನ ಕರೀಬ್ಯಾಡ್ರಿ, ನೊಂದವ್ಳೆ" ಎಂದು ಹೇಳಿದ್ದರು, ಎಲ್ಲರೂ ಒಪ್ಪಿದ್ದರು.

ಆ ಸಂಜೆ ಬಸ್ಸಿಗಾಗಿ ಕಾಯುತ್ತ ನನ್ನ ಅಮ್ಮನ ಅಂಗಳವನ್ನು ನೆನೆದೆ. ಅಲ್ಲಿ ಜಗಳವಾಡಿ ಮಾತು ಬಿಟ್ಟ ಹೆಂಗಸರೂ ಮುಯ್ಯಿ ತಪ್ಪಿಸುತ್ತಿರಲಿಲ್ಲ. ಅಮ್ಮನಿಗೂ ಪಕ್ಕದ ಮನೆಯವರಿಗೂ ಬದುವಿನ ವಿಷಯದಲ್ಲಿ ಮಾತು ನಿಂತುಹೋಗಿತ್ತು. ಆದರೂ ಆ ವರ್ಷವೆಲ್ಲ ಅವರಿಬ್ಬರೂ ಮಗ್ಗುಲಲ್ಲೇ ಕುಳಿತು ಒಡೆದರು. ಎಲೆಯಡಿಕೆ ಬೇಕಾದರೆ ನನ್ನ ಮೂಲಕ ಕೇಳುತ್ತಿದ್ದರು. ಇಬ್ಬರ ನಡುವಿನ ಅಂತರ ಒಂದು ಮೊಳವೂ ಇರಲಿಲ್ಲ. ಹೋಗಬೇಕೋ ಬೇಡವೋ ಎಂದು ಮನಸ್ಸನ್ನು ಕೇಳುವ ಪ್ರಶ್ನೆಯೇ ಅವರ ಮುಂದೆ ಇರಲಿಲ್ಲ. ಇಂದು ನಾವು ಎಲ್ಲವನ್ನೂ ಮನಸ್ಸಿನ ಇಷ್ಟಕ್ಕೆ ಬಿಟ್ಟಿದ್ದೇವೆ. ಬೇಕೆನಿಸಿದರೆ ಗುಂಪಿಗೆ ಸೇರುತ್ತೇವೆ, ಬೇಡವೆನಿಸಿದರೆ ಹೊರಬೀಳುತ್ತೇವೆ. ಮನಸ್ಸೇ ಸೋತು ಮಲಗಿದವರಿಗೆ ಈ ಸ್ವಾತಂತ್ರ್ಯದಿಂದ ಏನು ಪ್ರಯೋಜನ? ಊರು ಆಕೆಗೆ ಕರುಣೆ ತೋರಿಸಿ ರಜೆ ಕೊಟ್ಟಿತ್ತು. ಆ ರಜೆಯೇ ಆಕೆಯನ್ನು ಹೊರಗಿಟ್ಟಿತ್ತು.

ಊರು ಆಕೆಯಿಂದ ಮುಯ್ಯಿಯನ್ನು ಕೇಳಿ ಪಡೆಯುವಂತೆ ಮಾಡಬೇಕೆಂದು ನಿರ್ಧರಿಸಿದೆ. ಹಾಗೆಂದು ನನ್ನಿಷ್ಟಕ್ಕೆ ನುಗ್ಗುವಂತಿರಲಿಲ್ಲ. ಯಾರನ್ನೂ ಒತ್ತಾಯಿಸಕೂಡದೆಂಬುದು ನಮ್ಮ ಕೆಲಸದ ಮೊದಲ ನಿಯಮ. ವೈದ್ಯರನ್ನು ಕೇಳಿದೆ. ಅವರು, ಆಕೆ ಬರಲು ಒಪ್ಪದಿದ್ದರೆ ಎರಡನೆಯ ಸಲ ಕೇಳಬಾರದು ಎಂದರು. ಬಂದ ಮೇಲೆ ಅಲ್ಲಿ ಯಾರಾದರೂ ನಕ್ಕರೆ, ಇದುವರೆಗೆ ಏರಿದ ಮೆಟ್ಟಿಲುಗಳಿಂದೆಲ್ಲ ಮತ್ತೆ ಕೆಳಗಿಳಿಯಬೇಕಾದೀತು, ಬಹುಶಃ ಇನ್ನೂ ಕೆಳಕ್ಕೆ, ಎಂದೂ ಎಚ್ಚರಿಸಿದರು. "ಮಾತ್ರೆ ನನ್ನ ಕೈಲಿದೆ. ಅಂಗಳ ನಿಮ್ಮ ಜವಾಬ್ದಾರಿ" ಎಂದರು.

ಹಟ್ಟಿಮನೆಯ ಅಜ್ಜಿ ನನ್ನ ಮಾತು ಕೇಳಿ ಕೆರಳಿದರು. "ಓದ್ದೋರು ಹಿಂಗಾ ಮಾತಾಡದು? ಅತ್ಕಂಡು ಕುಂತಿರೋ ಹೆಂಗ್ಸನ್ನ ಬಾಕಿ ಕೇಳಾಕೆ ಹೋಗ್ಲಾ? ಊರು ಏನಂದಾತು?"

ಅಜ್ಜಿಗೆ ನಾನು ಉಪದೇಶ ಮಾಡಲಿಲ್ಲ. ಬಾಗಿಲ ಸಂದಿಯಲ್ಲಿ ಕಂಡ ಮಚ್ಚಿನ ವಿಷಯವನ್ನಷ್ಟೇ ಹೇಳಿದೆ. ಅಜ್ಜಿ ಬಾಯಲ್ಲಿದ್ದ ಎಲೆಯನ್ನು ಅಗಿಯುವುದನ್ನು ನಿಲ್ಲಿಸಿದರು.

"ಸಾಣೆ ಹಿಡ್ಸವ್ಳಾ?"

"ಹೌದು."

"ಎಣ್ಣೆ?"

"ಒರೆಸಿದ್ದಾರೆ."

ಅಜ್ಜಿ ಎದ್ದು ಹೋಗಿ ಎಲೆ ಉಗುಳಿ ಬಂದರು. ಆಮೇಲೆ, ನಾಳೆ ತಮ್ಮದೇ ಅಂಗಳವೆಂದೂ, ಈಗಲೇ ಹೋಗಿ ಕರೆಯುವೆನೆಂದೂ, ನಾನು ಮಾತ್ರ ಜೊತೆಗೆ ಬರಕೂಡದೆಂದೂ ಹೇಳಿದರು. ನಾನು ಬೀದಿಯ ಈಚೆ ಹುಣಸೆಮರದ ಬುಡದಲ್ಲಿ ನಿಂತೆ. ಅಜ್ಜಿ ಮೂಲೆಮನೆಯ ಹೊಸ್ತಿಲ ಹೊರಗೇ ನಿಂತು ಸೊಂಟಕ್ಕೆ ಕೈಯಿಟ್ಟರು. ಇಡೀ ಬೀದಿಗೆ ಕೇಳುವಂತಿತ್ತು ಅವರ ದನಿ.

"ಏನೇ, ಹೋದೊರ್ಸದ್ದು ನಿನ್ನಾಳು ಒಂದು ನಮ್ಮನೆಗೆ ಬಾಕಿ ಐತೆ. ನಾಳೀಕೆ ಬತ್ತೀಯೋ, ಬ್ಯಾರೆ ಆಳು ನೋಡ್ಕಳ್ಲೋ? ನಂಗೆ ಕಾಯಾಕೆ ಹೊತ್ತಿಲ್ಲ."

ಒಳಗಿನಿಂದ ಉತ್ತರ ಬಂತೋ ಇಲ್ಲವೋ ನನಗೆ ತಿಳಿಯಲಿಲ್ಲ. ಅಜ್ಜಿ ಹಿಂದಿರುಗಿ ಬಂದಾಗ ಕೇಳಿದೆ. ಆಕೆ ಏನೂ ಹೇಳಲಿಲ್ಲವಂತೆ. ಅಂದು ರಾತ್ರಿಯ ನನ್ನ ನಿದ್ರೆಯ ಬಗ್ಗೆ ಬರೆಯುವುದು ಅನಗತ್ಯ.

ಮರುದಿನ ಮೊದಲ ಬಸ್ಸಿಗೇ ಹೋದೆ. ಹಟ್ಟಿಮನೆಯ ಅಂಗಳದಲ್ಲಿ ಹೆಂಗಸರೆಲ್ಲ ಸೇರಿದ್ದರು. ಎದುರುಮನೆಯ ಸೊಸೆಯೂ ಅತ್ತೆಯ ಬದಲಿಗೆ ಬಂದಿದ್ದಳು. ಇದನ್ನು ನಾನು ಮುಂದಾಗಿ ಯೋಚಿಸಿರಲಿಲ್ಲ. ಅವಳನ್ನು ಹಿಂದಕ್ಕೆ ಕಳುಹಿಸುವುದು ಅವಳಿಗೂ ಅವಮಾನ. ಅಜ್ಜಿ ಎಲ್ಲರಿಗೂ ಒಂದೇ ಕಟ್ಟಪ್ಪಣೆ ಮಾಡಿದ್ದರು. ಮೂಲೆಮನೆಯವಳು ಬಂದರೆ ಹೇಗಿದ್ದೀಯೆಂದು ಯಾರೂ ಕೇಳಕೂಡದು, ಅಯ್ಯೋ ಎನ್ನಕೂಡದು, ಜಾಗ ಬಿಟ್ಟುಕೊಟ್ಟು ಉಪಚಾರ ಮಾಡಕೂಡದು. ಮೂಲೆಯಲ್ಲಿ ಒಂದು ಗೋಣಿತಾಟು ಖಾಲಿ ಇತ್ತು. ಕೆಲಸ ತೊಡಗಿತು. ನನಗೂ ಒಂದು ಮಚ್ಚು ಕೊಟ್ಟರು.

ಬಿಸಿಲು ಅಂಗಳದ ಅರ್ಧಕ್ಕೆ ಬಂದಾಗ ಮೂಲೆಮನೆಯಾಕೆ ಬಂದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದರು. ಮಚ್ಚು ಬಟ್ಟೆಯಲ್ಲಿ ಸುತ್ತಿತ್ತು. ಯಾರ ಕಡೆಗೂ ನೋಡದೆ ಗೋಣಿತಾಟಿನ ಮೇಲೆ ಗೋಡೆಗೆ ಮುಖ ಮಾಡಿ ಕುಳಿತರು. ಅಜ್ಜಿ ಅವರ ಮುಂದೆ ಒಂದು ಮಂಕರಿ ಕಾಯಿ ಸುರಿದು ಹೋದರು. ಹೆಂಗಸರು ಮಳೆಯ, ಎಮ್ಮೆಯ, ಮಂಡಿಯ ಧಾರಣೆಯ ಮಾತನಾಡಿದರು. ಮಾತು ಎಲ್ಲೋ ಬಿಗಿದಿತ್ತು. ಮಚ್ಚಿನ ಟಕಟಕ ಸದ್ದೇ ಹೆಚ್ಚಾಗಿ ಕೇಳುತ್ತಿತ್ತು.

ಬಹಳ ದಿನಗಳ ನಂತರ ಹಿಡಿದ ಕೈ. ಏಟು ಜೋರಾಯಿತೆಂದು ಕಾಣುತ್ತದೆ. ಮೂಲೆಮನೆಯಾಕೆಯ ಕೈಯಲ್ಲಿದ್ದ ಉಂಡೆ ಎರಡು ಹೋಳಾಯಿತು. ಎಲ್ಲರಿಗೂ ಆ ಸದ್ದು ಗೊತ್ತಾಯಿತು. ನನ್ನ ಕೈ ನಿಂತಿತು. ಈಗ ಯಾರಾದರೂ "ಪರವಾಗಿಲ್ಲ ಬಿಡಕ್ಕ" ಎಂದರೆ ಎಲ್ಲವೂ ಮತ್ತೆ ಚಾಪೆಗೇ ಮರಳುತ್ತದೆಂದು ನನಗನ್ನಿಸಿತು.

ಅಜ್ಜಿ ಅದ್ಯಾವುದನ್ನೂ ಎಣಿಸಲಿಲ್ಲ. "ಕೈ ಎಲ್ಲಿಟ್ಟಿದ್ಯೇ? ಹೋಳು ಮಾಡಾಕ್ಕೆ ನಾನೇ ಇರಲಿಲ್ವಾ, ನಿನ್ನ್ಯಾಕೆ ಕರೀಬೇಕಿತ್ತು?" ಎಂದು ಬೇರೆ ಯಾರನ್ನಾದರೂ ಗದರುವಷ್ಟೇ ಗಟ್ಟಿಯಾಗಿ ಗದರಿದರು.

ಮೂಲೆಮನೆಯಾಕೆಯ ಬೆನ್ನು ನೆಟ್ಟಗಾಯಿತು. ಗೋಡೆಯ ಕಡೆಯಿಂದಲೇ ಉತ್ತರ ಬಂತು.

"ನಿನ್ನಟ್ಟದ್ ಕಾಯಿ ಇನ್ನೂ ಹಸಿ ಕಣಜ್ಜಿ. ಮಾರೋ ಆತ್ರಕ್ಕೆ ಇಳ್ಸ್‌ಬುಟ್ಟು ನನ್ನ ಬೈಯ್ತೀಯಲ್ಲ. ಅಲ್ಲಾಡ್ಸಿ ನೋಡು, ಲೊಟ ಅಂತೈತಾ?"

ಯಾರೋ ಕಿಸಕ್ಕೆಂದರು. ನಗು ಒಬ್ಬರಿಂದೊಬ್ಬರಿಗೆ ಹಬ್ಬಿತು. ವೈದ್ಯರು ಹೇಳಿದ ಆ ನಗು ಇದೇ ಏನು ಎಂದು ನಾನು ಹೆದರಿ ಆಕೆಯ ಹೆಗಲನ್ನೇ ನೋಡುತ್ತಿದ್ದೆ. ಅಜ್ಜಿ ನಿಜವಾಗಿಯೂ ಒಂದು ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು; ಸದ್ದು ಬರಲಿಲ್ಲ; ಅದನ್ನು ಹಿಂದಕ್ಕೆ ಎಸೆದು "ಇವ್ಳೊಬ್ಳು ಲಾಯ್ರು" ಎಂದು ಗೊಣಗಿದರು. ನಗು ಎರಡರಷ್ಟಾಯಿತು. ಆಗ ಮೂಲೆಮನೆಯಾಕೆ ಗೋಣಿತಾಟನ್ನು ಸರಕ್ಕನೆ ತಿರುಗಿಸಿ, ಗೋಡೆಗೆ ಬೆನ್ನು ಮಾಡಿ, ನಮ್ಮ ಕಡೆಗೆ ಮುಖವಿಟ್ಟು ಕುಳಿತರು. ಅವರೂ ನಗುತ್ತಿದ್ದರು. ಜನ ನಕ್ಕದ್ದು ಅಜ್ಜಿಯನ್ನು ನೋಡಿ; ನಗಿಸಿದವರು ಈಕೆ.

ಮಧ್ಯಾಹ್ನದ ಹೊತ್ತಿಗೆ ಎಲ್ಲರ ಕೈಗಳಿಗೂ ಕೊಬ್ಬರಿಯ ಎಣ್ಣೆಯೂ ಸಿಪ್ಪೆಯ ಧೂಳೂ ಮೆತ್ತಿದ್ದವು. ಯಾರದೋ ಫೋನು ಹೊಡೆದುಕೊಂಡಿತು. ಎಣ್ಣೆ ಮೆತ್ತಿದ ಬೆರಳಿಗೆ ಪರದೆ ಓಗೊಡದೆ, ಅದು ತಾನೇ ಸುಮ್ಮನಾಯಿತು. ಎದುರುಮನೆಯ ಸೊಸೆ ಮುಂಜಾನೆಯಿಂದ ತಲೆ ಎತ್ತಿರಲಿಲ್ಲ. ಅವಳಿಗೆ ಕೆಲಸ ಬಾರದು. ಅವಳ ಮುಂದಿನ ಹೋಳುಗಳ ರಾಶಿ ನನ್ನ ರಾಶಿಗಿಂತಲೂ ದೊಡ್ಡದಿತ್ತು. ಮೂಲೆಮನೆಯಾಕೆ ಸ್ವಲ್ಪ ಹೊತ್ತು ಅದನ್ನು ನೋಡಿದರು. ಆಮೇಲೆ ಕುಳಿತಲ್ಲಿಂದಲೇ ಸರಿದು ಬಂದು, ಹುಡುಗಿಯ ಕೈಯಲ್ಲಿದ್ದ ಕಾಯನ್ನು ತಿರುಗಿಸಿ, ಕಣ್ಣಿರುವ ತುದಿಯನ್ನು ಮೇಲಕ್ಕೆ ಮಾಡಿ, "ಸುತ್ತ ತಟ್ಟು. ಒಂದೇ ಜಾಗಕ್ಕೆ ಹೊಡೀಬ್ಯಾಡ" ಎಂದರು. ಹುಡುಗಿ ತಟ್ಟಿದಳು. ಚಿಪ್ಪು ಬಿಟ್ಟುಕೊಂಡು ಉಂಡೆ ಇಡಿಯಾಗಿ ಅವಳ ಅಂಗೈಗೆ ಬಿತ್ತು. ಅವಳ ಕಣ್ಣಿಂದ ನೀರು ಇಳಿಯತೊಡಗಿತು. ಕೈ ಎಣ್ಣೆಯಾಗಿದ್ದರಿಂದ ಒರೆಸಿಕೊಳ್ಳಲಾರದೆ ತೋಳಿಗೆ ಮುಖ ಒತ್ತಿಕೊಂಡಳು.

"ಅಮ್ಮಾ, ನಾನು..." ಎಂದು ಏನೋ ಹೇಳಹೊರಟಳು.

ಮೂಲೆಮನೆಯಾಕೆ ಮತ್ತೊಂದು ಕಾಯಿ ತೆಗೆದುಕೊಂಡಿದ್ದರು. ಮಾತನ್ನು ಆ ಕಾಯಿಗೇ ಹೇಳಿದರು. "ನೀನವತ್ತು ಫೋನಾಗೆ ಪೂರ್ತಿ ಹಿಡೀಲಿಲ್ಲ ಕಣೇ. ನಾನು ಅಲ್ಲಿಗೇ ನಿಲ್ಲಿಸ್ಲಿಲ್ಲ. ಆಮ್ಯಾಕೆ ಅವ್ಳ ಸೊಲ್ಲು ನಾನೇ ಹೇಳ್ದೆ, ನನ್ನ ಸೊಲ್ಲೂ ನಾನೇ ಹೇಳ್ದೆ. ಕೊನೇ ಗಂಟ ಹೇಳಿ ಮುಗಿಸ್ದೆ. ಅದೊಂದು ಯಾರಿಗೂ ಕಾಣ್ಲಿಲ್ಲ."

ಮಚ್ಚುಗಳೆಲ್ಲ ನಿಂತಿದ್ದವು. ಅಷ್ಟು ವಾರಗಳ ಕಾಲ ಎದುರುಬದುರು ಕುಳಿತು ಎಷ್ಟು ಬಗೆಯಲ್ಲಿ ಕೇಳಿದ್ದರೂ ನನಗೆ ಸಿಗದಿದ್ದ ಮಾತು ಅದು. ಜನ ನಕ್ಕದ್ದಕ್ಕಿಂತ, ಜೊತೆಯವಳಿಲ್ಲದೆಯೂ ತಾನು ಹಾಡನ್ನು ದಡ ಮುಟ್ಟಿಸಿದ್ದನ್ನು ಯಾರೂ ನೋಡಲಿಲ್ಲವೆಂಬುದು ಆಕೆಯನ್ನು ಕೊರೆಯುತ್ತಿತ್ತು.

ಅಜ್ಜಿ ಮಚ್ಚನ್ನು ಕೆಳಗಿಟ್ಟರು. "ನಾನಿದ್ದೆ ಕಣೇ ಅಲ್ಲಿ. ಕೊಡ ಹಿಡ್ಕಂಡು ನಿಂತಿದ್ದೆ. ನೀನು ಮುಗ್ಸಿದ ಮ್ಯಾಲೇ ನೀರಾಕಿದ್ದು" ಎಂದರು. ಇನ್ನೊಬ್ಬರು, ತಾವೂ ಕೇಳಿದ್ದಾಗಿಯೂ, ಓರಗಿತ್ತಿಯ ಸೊಲ್ಲನ್ನು ಹೇಳುವಾಗ ತೀರಿಕೊಂಡವರ ದನಿಯೇ ಬಂದಂತಿತ್ತೆಂದೂ ಹೇಳಿದರು. ಹಾಗೆ ಒಬ್ಬೊಬ್ಬರಾಗಿ ಆ ಮದುವೆಯ ಬೆಳಗನ್ನು ಅವರು ಮತ್ತೆ ಕಟ್ಟಿದರು. ಚಪ್ಪರ ಯಾವ ಕಡೆಗಿತ್ತು, ಯಾರು ಎಲ್ಲಿ ನಿಂತಿದ್ದರು, ಹಾಡು ಯಾವ ಗಳಿಗೆಯಲ್ಲಿ ಮುಗಿಯಿತು ಎಂಬುದೆಲ್ಲ ಬಂತು. ಫೋನಿನಲ್ಲಿ ಇಲ್ಲದಿದ್ದ ಉಳಿದ ಭಾಗವೆಲ್ಲ ಅವರ ಬಳಿ ಇತ್ತು. ಇಷ್ಟು ದಿನ ಅದನ್ನು ಆಕೆಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ.

ಅಂದಿಗೇ ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಮಾತ್ರೆಗಳು ಮುಂದುವರಿದವು. ಕೆಲವು ದಿನ ಆಕೆ ಮತ್ತೆ ಬಾಗಿಲು ಹಾಕಿಕೊಂಡದ್ದೂ ಉಂಟು. ರೀಲಿನ ನಕಲುಗಳು ಈಗಲೂ ಎಲ್ಲೋ ಇರಬೇಕು. ಆದರೆ ಆಕೆ ಮಿಕ್ಕ ಮನೆಗಳ ಮುಯ್ಯಿಯನ್ನು ಒಂದೊಂದಾಗಿ ತೀರಿಸುತ್ತ ಹೋದರು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ಹೊಸ್ತಿಲು ದಾಟಲೇಬೇಕಲ್ಲ. ಬೆಳಗ್ಗೆ ಎದ್ದೊಡನೆ ಫೋನು ನೋಡುವುದು ಯಾವಾಗ ನಿಂತಿತೆಂದು ಕೇಳಿದಾಗ, ಆಕೆಗೂ ಅದು ನೆನಪಿರಲಿಲ್ಲ. ಕೊನೆಗೆ ಅವರ ಅಂಗಳದ ಸರದಿ ಬಂದಾಗ ನಾನೂ ಮಚ್ಚು ಹಿಡಿದು ಒಂದು ದಿನ ಕುಳಿತೆ. ನನ್ನ ರಾಶಿಯಲ್ಲಿ ಹೋಳುಗಳೇ ಹೆಚ್ಚಿದ್ದವು. ಯಾರೂ ಸಮಾಧಾನ ಹೇಳಲಿಲ್ಲ. ಅಜ್ಜಿ ನನಗೂ ಬೈದರು. ಶಾಲೆ ಮುಚ್ಚಿದ ಮೇಲೆ ನನ್ನನ್ನು ಅಷ್ಟು ಸಲಿಗೆಯಿಂದ ಯಾರೂ ಬೈದಿರಲಿಲ್ಲ.

ಇದನ್ನು ಬರೆಯಲೇ ಎಂದು ಆಕೆಯನ್ನು ಕೇಳಿದ್ದೆ. "ಹೆಸ್ರು ಬ್ಯಾಡ, ಮೂಲೆಮನೆ ಅಂತ ಬರ್ಕಳ್ಳಿ. ಹಾಡು ಮುಗಿಸ್ದೆ ಅನ್ನೋದು ಮಾತ್ರ ಬಿಡಬ್ಯಾಡಿ" ಎಂದರು.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಗ್ಗೆ ತುರುವೇಕೆರೆಯ ನನ್ನ ಮನೆಯ ಬಾಗಿಲು ಬಡಿದ ಸದ್ದಾಯಿತು. ನಾನು ಆಗ ಫೋನಿನಲ್ಲಿ, ಹಿಂದಿನ ಸಹೋದ್ಯೋಗಿಗಳ ಗುಂಪಿನಲ್ಲಿ ಬಂದಿದ್ದ ಶುಭೋದಯದ ಹೂಗಳನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಕುಳಿತಿದ್ದೆ. ಬಾಗಿಲಲ್ಲಿ ಮೂಲೆಮನೆಯಾಕೆ, ಒಬ್ಬರೇ. ಒದ್ದೆ ಕೊಡೆ, ಕಂಕುಳಲ್ಲಿ ಬಟ್ಟೆ ಸುತ್ತಿದ ಮಚ್ಚು. ದಬ್ಬೇಘಟ್ಟದ ಬಸ್ಸು ಹಿಡಿದು, ದಾರಿಯಲ್ಲಿ ನಾಲ್ಕು ಜನರನ್ನು ಕೇಳಿಕೊಂಡು ಬಂದಿದ್ದರು.

"ನಿಮ್ಮುದೊಂದಾಳು ನನ್ನ ಮ್ಯಾಲೆ ಐತಲ್ಲ ಮೇಡಮ್ನೋರೆ. ತೀರ್ಸ್‌ಬುಟ್ಟು ಹೋಗವಾ ಅಂತ ಬಂದೆ. ಅಟ್ಟ ಎಲ್ಲೈತೆ?"

ನನ್ನ ಮನೆಗೆ ಅಟ್ಟವಿಲ್ಲ, ತಾರಸಿಯ ಮನೆ. ತೋಟವಿಲ್ಲ, ಕಾಯಿಲ್ಲ. ಹಾಗೆಂದು ಹೇಳಿದೆ. ಆಕೆ ಬಾಗಿಲಲ್ಲೇ ನಿಂತು ಮನೆಯೊಳಗೆಲ್ಲ ಒಂದು ಸುತ್ತು ಕಣ್ಣಾಡಿಸಿದರು. ಪುಸ್ತಕದ ಬೀರು, ಒಂದೇ ಕುರ್ಚಿ ಎಳೆದಿಟ್ಟ ಊಟದ ಮೇಜು, ಮೇಜಿನ ಮೇಲೆ ಮಿನುಗುತ್ತಿದ್ದ ನನ್ನ ಫೋನು ಎಲ್ಲವನ್ನೂ ಕಂಡರು. ಪಾತ್ರೆ ತೊಳೆಯಲೇ, ರಾಗಿ ಹಸನು ಮಾಡಿಕೊಡಲೇ, ಕಾಳು ಆರಿಸಲೇ ಎಂದು ಕೇಳಿದರು. ಕಾಳು ಆರಿಸುವುದಿತ್ತು; ಡಬ್ಬದ ತುಂಬ ಅವರೆಕಾಳು ಹುಳು ಬಿದ್ದು ಕೂತಿತ್ತು. ಇಬ್ಬರೇ ಹೆಂಗಸರು ಒಂದು ಮಧ್ಯಾಹ್ನ ಮಾತನಾಡಿಕೊಂಡು ಮಾಡಿ ಮುಗಿಸಬಹುದಾದಷ್ಟು ಕೆಲಸ.

"ಏನೂ ಕೆಲಸವಿಲ್ಲ" ಎಂದೆ.

"ಕೆಲ್ಸ ಇಲ್ದಿದ್ರೆ ಬಾಕಿ ಹಂಗೇ ಉಳೀತೈತಲ್ರೀ. ಇನ್ನೊಂದ್ಸಲ ಬರ್ಬೇಕಾಯ್ತದೆ."

"ಬರಬೇಕಾಗುತ್ತದೆ" ಎಂದು ಒಪ್ಪಿಕೊಂಡೆ.

ಆಕೆ ಮಚ್ಚನ್ನು ಬಾಗಿಲ ಸಂದಿಯಲ್ಲಿಟ್ಟು ಒಳಗೆ ಬಂದರು. ನಾನು ಕಾಫಿಗೆ ನೀರಿಡಲು ಹೋಗುವ ಮುನ್ನ ಇನ್ನೊಂದು ಕುರ್ಚಿಯನ್ನು ಎಳೆದು ಹಾಕಿದೆ, ಎದುರಿಗಲ್ಲ, ಮಗ್ಗುಲಿಗೆ.